ದುರ್ಗದ ಕಥೆಯನ್ನು ದೂರದೂರಿಗೆ ಕಳಿಸಿದ ತ.ರಾ.ಸು.



ಏಪ್ರಿಲ್ ಎಂದರೆ ನಮಗೆ ತ.ರಾ.ಸು. ಅವರ ತಿಂಗಳು. ಅವರು ಹುಟ್ಟಿದ್ದು 1920ರ ಏಪ್ರಿಲ್ 21ರಂದು, ನಮ್ಮನ್ನು ಅಗಲಿದ್ದು 1984ರ ಏಪ್ರಿಲ್ 10ರಂದು. ಅವರನ್ನು ನೆನೆಯಲು ಗಡಿಭಾಗದ ನಮಗೆ ಬೇರೆಯವರಿಗಿಂತ ಒಂದು ಕಾರಣ ಹೆಚ್ಚೇ ಇದೆ.

ಅವರ ಪೂರ್ತಿ ಹೆಸರು ತಳುಕಿನ ರಾಮಸ್ವಾಮಯ್ಯ ಸುಬ್ಬರಾಯ. ತಳುಕು ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಿ. ರಾಯದುರ್ಗದ ಸದಸ್ಯರಿಗೆ ಅದು ನೆರೆಯ ಸೀಮೆ. ಆ ಮನೆತನದ ಮನೆಮಾತು ತೆಲುಗು. ಆದರೂ ಆ ಮನೆಯಿಂದ ಬಂದ ತ.ರಾ.ಸು. ಅವರ ದೊಡ್ಡಪ್ಪ ತಳುಕಿನ ವೆಂಕಣ್ಣಯ್ಯನವರು ಕನ್ನಡದ ಮೇಷ್ಟ್ರುಗಳಿಗೇ ಮೇಷ್ಟ್ರಾದರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಅವರಿಗೇ. ಒಲೆಯ ಮುಂದೆ ಒಂದು ಮಾತು, ಹಲಗೆಯ ಮೇಲೆ ಇನ್ನೊಂದು ಮಾತು ಎಂಬ ಬದುಕು ನಮಗೇನು ಹೊಸದಲ್ಲ. ಹಾಗಾಗಿ ತ.ರಾ.ಸು. ನಮ್ಮ ಪೈಕಿಯವರೇ ಎನ್ನಲು ಅಡ್ಡಿಯಿಲ್ಲ.

1942ರ ಚಳವಳಿಯಲ್ಲಿ ಅವರು ಓದು ಬಿಟ್ಟು ಜೈಲು ಸೇರಿದರು. ಆಮೇಲೆ ಪತ್ರಿಕೆಗಳಲ್ಲಿ ದುಡಿದರು, ಕೊನೆಗೆ ಲೇಖನಿಯನ್ನೇ ನಂಬಿ ಬದುಕಿದರು. ಚಿತ್ರದುರ್ಗದ ಪಾಳೆಯಗಾರರ ಮೇಲೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಮೊದಲಾದ ಕಾದಂಬರಿಗಳನ್ನು ಬರೆದರು. ಕೋಟೆಯ ಕಲ್ಲು ಕಲ್ಲಿಗೂ ಮಾತು ಕೊಟ್ಟರು ಎಂದರೆ ಹೆಚ್ಚಲ್ಲ.

ಈಗ 'ಹಂಸಗೀತೆ'ಯ ವಿಷಯಕ್ಕೆ ಬರೋಣ. ಹದಿನೆಂಟನೆಯ ಶತಮಾನದ ದುರ್ಗದ ಹಾಡುಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಕಲೆ, ಪ್ರೀತಿ, ಹಟ ಮೂರೂ ಅದರಲ್ಲಿವೆ. ಆಳುವವರ ಮುಂದೆ ಹಾಡಲೊಲ್ಲದೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಂಡವನು ಅವನು. ಈ ಕಾದಂಬರಿ 1956ರಲ್ಲಿ ಹಿಂದಿಗೆ ಹೋಗಿ 'ಬಸಂತ್ ಬಹಾರ್' ಎಂಬ ಚಿತ್ರವಾಯಿತು. ರಾಜಾ ನವಾಥೆ ನಿರ್ದೇಶಕರು, ಭಾರತ್ ಭೂಷಣ್ ನಾಯಕ, ಶಂಕರ್-ಜೈಕಿಶನ್ ಸಂಗೀತ. ಕಥೆಯೇನೋ ಹೋಯಿತು, ದುರ್ಗ ಹೋಗಲಿಲ್ಲ. ವೆಂಕಟಸುಬ್ಬಯ್ಯನ ಜಾಗದಲ್ಲಿ ಗೋಪಾಲ ಬಂದ, ಏಳುಸುತ್ತಿನ ಕೋಟೆಯ ಜಾಗದಲ್ಲಿ ಉತ್ತರದ ಬಾದಶಹನ ಆಸ್ಥಾನ ಬಂತು. ಆ ಆಸ್ಥಾನದ ಪಂದ್ಯದ ಹಾಡಿನಲ್ಲಿ ಮನ್ನಾ ಡೇ ಅವರಿಗೆ ಎದುರಾಗಿ ಹಾಡಿದವರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಕನ್ನಡದ ಕಥೆ, ಕನ್ನಡಿಗರ ಕಂಠ, ಆದರೆ ನೋಡಿದ ಬಹುಪಾಲು ಜನಕ್ಕೆ ಅದರ ಊರು ಯಾವುದೆಂದು ತಿಳಿಯಲಿಲ್ಲ.

1956 ರಾಜ್ಯಗಳ ಗಡಿ ಹೊಸದಾಗಿ ಎಳೆದ ವರ್ಷವೂ ಹೌದು. ನಾವು ಗಡಿಯ ಈಚೆ ಉಳಿದೆವು. ನಾವು ನೌಕರಿಯಲ್ಲಿದ್ದಾಗ ಕಚೇರಿಯ ಹಿರಿಯರೊಬ್ಬರು ಆ ಹಿಂದಿ ಹಾಡನ್ನು ದಿನವೂ ಗುನುಗುತ್ತಿದ್ದರು. ಇದು ದುರ್ಗದ ಕಥೆ ಸಾರ್ ಎಂದರೆ ನಂಬಲೇ ಇಲ್ಲ. ಮರುದಿನ ನಾವು ಪುಸ್ತಕವನ್ನು ಒಯ್ದು ಅವರ ಮೇಜಿನ ಮೇಲೆ ಇಟ್ಟೆವು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರ ಅಜ್ಜಿ ಮಾತ್ರ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದರಂತೆ. ಪುಸ್ತಕವನ್ನು ತಿರುವಿ ನೋಡಿ, ಸುಮ್ಮನೆ ವಾಪಸು ಕೊಟ್ಟರು. ಆ ದಿನ ನಾವು ಮರೆತಿಲ್ಲ.

ಕಥೆ ತನ್ನ ಊರಿಗೆ ಮರಳಿದ್ದು 1975ರಲ್ಲಿ. ಜಿ.ವಿ. ಅಯ್ಯರ್ ಅವರು 'ಹಂಸಗೀತೆ'ಯನ್ನು ಅದೇ ಹೆಸರಿನಲ್ಲಿ ಕನ್ನಡ ಚಿತ್ರ ಮಾಡಿದರು. ಅನಂತನಾಗ್ ಭೈರವಿ ವೆಂಕಟಸುಬ್ಬಯ್ಯನಾದರು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು. ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಬಂತು. ಅವರು ಆಂಧ್ರದವರು. ತೆಲುಗು ಮನೆಮಾತಿನ ಲೇಖಕರು ಬರೆದ ಕನ್ನಡದ ಹಾಡುಗಾರನಿಗೆ ತೆಲುಗು ನಾಡಿನ ವಿದ್ವಾಂಸರು ಕಂಠ ಕೊಟ್ಟರು. ಇಲ್ಲಿಯೂ ಭಾಷೆಗಳು ಬೆರೆತವು, ಆದರೆ ಈ ಸಲ ಊರಿನ ಹೆಸರು ಅಳಿಸಲಿಲ್ಲ.

ತೆರೆಗೆ ಹೋದ ಅವರ ಕೃತಿ ಇದೊಂದೇ ಅಲ್ಲ. 1964ರಲ್ಲಿ 'ಚಂದವಳ್ಳಿಯ ತೋಟ' ರಾಜಕುಮಾರ್ ಚಿತ್ರವಾಯಿತು. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು ಮೂರು ಕಾದಂಬರಿಗಳನ್ನು ಸೇರಿಸಿ 'ನಾಗರಹಾವು' ಮಾಡಿದರು. ಕಥೆ ಈ ಕಾಲದ್ದಾದರೂ ಒನಕೆ ಓಬವ್ವನ ಹಾಡಿನಿಂದ ಕೋಟೆಯ ಇತಿಹಾಸ ಮನೆಮನೆಗೆ ತಲುಪಿತು. ಚಿತ್ರ ಭರ್ಜರಿಯಾಗಿ ಓಡಿತು, ಆದರೆ ತಮ್ಮ ಕಥೆ ತೆರೆಯ ಮೇಲೆ ಬದಲಾದ ರೀತಿ ತ.ರಾ.ಸು. ಅವರಿಗೆ ಹಿಡಿಸಲಿಲ್ಲ. ಹಾಗಿದ್ದೂ ಪುಟ್ಟಣ್ಣನವರ ಕಡೆಯ ಚಿತ್ರ 'ಮಸಣದ ಹೂವು' ಸಹ ತ.ರಾ.ಸು. ಅವರ ಕಾದಂಬರಿಯದ್ದೇ.

ಕೊನೆಯ ವರ್ಷಗಳಲ್ಲಿ ಅವರು ಮತ್ತೆ ಕೋಟೆಗೇ ಮರಳಿದರು. ಕಡೆಯ ಮದಕರಿನಾಯಕನನ್ನೂ 1779ರಲ್ಲಿ ಹೈದರಾಲಿಗೆ ದುರ್ಗ ಬಿದ್ದದ್ದನ್ನೂ ಹೇಳುವ 'ದುರ್ಗಾಸ್ತಮಾನ' ಬರೆದು ಮುಗಿಸಿದರು. ಅದಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಪಡೆಯಲು ಅವರಿರಲಿಲ್ಲ.

ಕಥೆ ಬೇರೆ ಭಾಷೆಗೆ, ಬೇರೆ ತೆರೆಗೆ ಹೋಗುವುದು ತಪ್ಪಲ್ಲ, ಹೋದಷ್ಟೂ ಒಳ್ಳೆಯದೇ. ಆದರೆ ಅದು ಎಲ್ಲಿಂದ ಹೊರಟಿತೆಂದು ಬಲ್ಲವರು ನಾಲ್ಕು ಜನ ಉಳಿಯಬೇಕು. ಗಡಿಯ ಸಂಘಗಳ ಕೆಲಸ ಅದೇ ಎಂದು ನಾವು ತಿಳಿದಿದ್ದೇವೆ.

ಈ ತಿಂಗಳ ಸಭೆಯಲ್ಲಿ 'ಹಂಸಗೀತೆ' ಚಿತ್ರ ನೋಡೋಣ, ಮೊದಲು ಮಕ್ಕಳಿಂದ ಕಾದಂಬರಿಯ ಒಂದು ಅಧ್ಯಾಯ ಓದಿಸೋಣ. ಮನೆಯಲ್ಲಿ ತ.ರಾ.ಸು. ಅವರ ಹಳೆಯ ಪ್ರತಿಗಳಿದ್ದವರು ದಯವಿಟ್ಟು ತರಬೇಕು. ಕನ್ನಡ ಓದಲು ಬಾರದ ಮಕ್ಕಳನ್ನೂ ಸಂಕೋಚವಿಲ್ಲದೆ ಕರೆತನ್ನಿ. ಅವರ ಪಕ್ಕದಲ್ಲಿ ಕುಳಿತು ನಾವು ಓದಿ ಹೇಳುತ್ತೇವೆ.

ಇಂತಿ,
ಕಾರ್ಯದರ್ಶಿ