ಪ್ರಶಾಂತ ಚಂದ್ರ ಮಹಲನೋಬಿಸ್

ಪ್ರಶಾಂತ ಚಂದ್ರ ಮಹಲನೋಬಿಸ್ (29 ಜೂನ್ 1893 – 28 ಜೂನ್ 1972) ಭಾರತದ ಸಂಖ್ಯಾಶಾಸ್ತ್ರಜ್ಞರು, ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪಕರು ಮತ್ತು ಯೋಜನಾ ಆಯೋಗದ ಸದಸ್ಯರಾಗಿದ್ದವರು. ಗಣಿತದಲ್ಲಿ ಅವರ ಹೆಸರು 'ಮಹಲನೋಬಿಸ್ ಅಂತರ' ಎಂಬ ಅಳತೆಯಿಂದ ಉಳಿದಿದೆ. ಆದರೆ ಸ್ವತಂತ್ರ ಭಾರತದ ಸರಕಾರಿ ಅಂಕಿ-ಅಂಶಗಳನ್ನು ಅಂದಾಜಿನ ನೆಲೆಯಿಂದ ಅಳತೆಯ ನೆಲೆಗೆ ತಂದದ್ದು ಅವರ ಇನ್ನೂ ದೊಡ್ಡ ಕೆಲಸವೆನ್ನಬಹುದು.

ಆರಂಭಿಕ ಜೀವನ

ಮಹಲನೋಬಿಸ್ ಕಲ್ಕತ್ತೆಯ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1912ರಲ್ಲಿ ಪದವಿ ಪಡೆದರು. ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅಲ್ಲಿ ಅವರ ಗುರುಗಳಾಗಿದ್ದರು. ಮುಂದೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು ಸೇರಿದರು. ಅದೇ ಕಾಲದಲ್ಲಿ ಕೇಂಬ್ರಿಜ್‌ನಲ್ಲಿದ್ದ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹವೂ ಆಯಿತು. 1915ರಲ್ಲಿ ಊರಿಗೆ ಹೊರಡುವ ಮುನ್ನ ಅಧ್ಯಾಪಕರೊಬ್ಬರು 'ಬಯೋಮೆಟ್ರಿಕಾ' ಎಂಬ ನಿಯತಕಾಲಿಕದ ಸಂಪುಟಗಳನ್ನು ತೋರಿಸಿದರು. ಅವುಗಳನ್ನು ಕೊಂಡು ಹಡಗಿನಲ್ಲಿ ಓದುತ್ತ ಬಂದ ಭೌತಶಾಸ್ತ್ರಜ್ಞ ಸಂಖ್ಯಾಶಾಸ್ತ್ರದ ಕಡೆಗೆ ತಿರುಗಿದ್ದು ಹೀಗೆ.

ಕಲ್ಕತ್ತೆಯಲ್ಲಿ ಭೌತಶಾಸ್ತ್ರ ಬೋಧಿಸುತ್ತಲೇ ಅವರು ಬಿಡುವಿನಲ್ಲಿ ಹೊಸ ವಿಷಯವನ್ನು ಬೆಳೆಸಿದರು. ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳ ವಿಶ್ಲೇಷಣೆಯ ಕೆಲಸವನ್ನು ಅವರಿಗೆ ಮೊದಲು ವಹಿಸಿದವರು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಇವರೇ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ರವೀಂದ್ರನಾಥ ಠಾಕೂರರ ಆಪ್ತರಾಗಿದ್ದ ಮಹಲನೋಬಿಸ್ ವಿಶ್ವಭಾರತಿಯ ಕಾರ್ಯದರ್ಶಿಯಾಗಿಯೂ ಕೆಲಕಾಲ ದುಡಿದರು. 1923ರಲ್ಲಿ ನಿರ್ಮಲಕುಮಾರಿಯವರನ್ನು ವಿವಾಹವಾದರು.

ಪ್ರವಾಹದ ಲೆಕ್ಕ

ಅಂಕಿ-ಅಂಶಗಳು ಸರಕಾರದ ನಿರ್ಧಾರವನ್ನು ಹೇಗೆ ಬದಲಿಸಬಲ್ಲವು ಎಂಬುದು ಮೊದಲು ಕಂಡದ್ದು ನೆರೆ ಹಾವಳಿಯ ಅಧ್ಯಯನಗಳಲ್ಲಿ. 1922ರಲ್ಲಿ ಉತ್ತರ ಬಂಗಾಳದಲ್ಲಿ ಪ್ರವಾಹ ಬಂದಾಗ ನೀರನ್ನು ತಡೆದು ನಿಲ್ಲಿಸುವ ದುಬಾರಿ ಜಲಾಶಯಗಳ ಪ್ರಸ್ತಾಪವಿತ್ತು. ದೀರ್ಘಕಾಲದ ಮಳೆಯ ದಾಖಲೆಗಳನ್ನು ಪರಿಶೀಲಿಸಿದ ಮಹಲನೋಬಿಸ್, ಅಲ್ಲಿ ಬೇಕಾದದ್ದು ನೀರು ಬೇಗ ಹರಿದುಹೋಗುವ ದಾರಿಯೇ ಹೊರತು ತಡೆಯಲ್ಲ ಎಂದು ತೋರಿಸಿದರು. 1926ರ ಒರಿಸ್ಸಾ ಪ್ರವಾಹದ ಪ್ರಕರಣ ಇನ್ನೂ ಸ್ವಾರಸ್ಯಕರ. ಬ್ರಾಹ್ಮಣಿ ನದಿಯ ಪಾತ್ರ ಮೇಲೇರಿದೆ, ಆದ್ದರಿಂದ ಏರಿಗಳನ್ನು ಎತ್ತರಿಸಬೇಕು ಎಂಬುದು ಎಂಜಿನಿಯರುಗಳ ಮತವಾಗಿತ್ತು. ಸುಮಾರು 60 ವರ್ಷಗಳ ದಾಖಲೆಗಳನ್ನು ನೋಡಿದಾಗ ನದೀಪಾತ್ರ ಗಮನಾರ್ಹವಾಗಿ ಏರಿರಲೇ ಇಲ್ಲ. ನೆರೆಗೆ ಕಾರಣ ಮೇಲಣ ಪ್ರದೇಶದ ಅತಿವೃಷ್ಟಿ. ಅನುಭವಿಗಳ ಒಮ್ಮತವೂ ತಪ್ಪಿರಬಹುದು ಎಂಬುದನ್ನು ಹಳೆಯ ಕಡತಗಳೇ ಹೇಳಿದವು.

ಬಂಗಾಳದ ಸೆಣಬು ಸಮೀಕ್ಷೆ

1931ರ ಡಿಸೆಂಬರ್ 17ರಂದು ಭಾರತೀಯ ಸಾಂಖ್ಯಿಕ ಸಂಸ್ಥೆಯ ಸ್ಥಾಪನೆಗೆ ನಿರ್ಣಯವಾಯಿತು. ಪ್ರೆಸಿಡೆನ್ಸಿ ಕಾಲೇಜಿನ ಕೋಣೆಯಲ್ಲಿದ್ದ ಪ್ರಯೋಗಾಲಯವೇ ಅದರ ಮೂಲ. 1933ರಲ್ಲಿ 'ಸಾಂಖ್ಯ' ಪತ್ರಿಕೆ ಹೊರಬಂದಿತು.

ಬಂಗಾಳದಲ್ಲಿ ಆಗ ಬೆಳೆಯ ಅಂಕಿಗಳನ್ನು ನಂಬುವುದು ಕಷ್ಟವಾಗಿತ್ತು. ಅಲ್ಲಿ ಕಾಯಂ ಜಮೀನ್ದಾರಿ ಪದ್ಧತಿ ಇದ್ದುದರಿಂದ, ನಮ್ಮ ಕಡೆಯ ಶಾನುಭೋಗರಂತೆ ಹೊಲ ಹೊಲದ ಬೆಳೆಯನ್ನು ವರ್ಷವರ್ಷವೂ ದಾಖಲಿಸುವ ಗ್ರಾಮಾಧಿಕಾರಿಗಳಿರಲಿಲ್ಲ. ಸೆಣಬಿನ ವಿಸ್ತೀರ್ಣವೆಂದರೆ ಬಹುಮಟ್ಟಿಗೆ ಅಧಿಕಾರಿಗಳ ಊಹೆ. ಮಹಲನೋಬಿಸ್ 1937ರಿಂದ ಯಾದೃಚ್ಛಿಕ ಮಾದರಿ ಸಮೀಕ್ಷೆಯನ್ನು ಚಿಕ್ಕ ಪ್ರಮಾಣದಲ್ಲಿ ಆರಂಭಿಸಿ ವರ್ಷದಿಂದ ವರ್ಷಕ್ಕೆ ವಿಸ್ತರಿಸಿದರು. ದೊಡ್ಡ ಸಮೀಕ್ಷೆಗೆ ಮೊದಲು ಪ್ರಾಯೋಗಿಕ ಸಮೀಕ್ಷೆ ನಡೆಸುವ ಕ್ರಮ ಮತ್ತು ಖರ್ಚಿಗೂ ನಿಖರತೆಗೂ ಇರುವ ಸಂಬಂಧದ ಗಣಿತ ಇಲ್ಲಿ ರೂಪುಗೊಂಡವು. ಅವರ ಇನ್ನೊಂದು ಉಪಾಯ ಹೆಣೆದ ಉಪಮಾದರಿಗಳದು. ಒಂದೇ ಪ್ರದೇಶದಲ್ಲಿ ಎರಡು ಸ್ವತಂತ್ರ ಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ಕೊಟ್ಟು ಫಲಿತಾಂಶಗಳನ್ನು ಹೋಲಿಸುತ್ತಿದ್ದರು. ಎರಡರ ನಡುವಿನ ಅಂತರ ಹೆಚ್ಚಿದ್ದರೆ ಎಲ್ಲೋ ಲೋಪವಾಗಿದೆ ಎಂದು ಅರ್ಥ. ಅಂಕಿ ಸಂಗ್ರಹಿಸುವವರೂ ತಪ್ಪು ಮಾಡುತ್ತಾರೆ ಎಂಬ ವಾಸ್ತವವನ್ನು ಒಪ್ಪಿಕೊಂಡೇ ರಚಿಸಿದ ವಿಧಾನವಿದು.

ಬೆಳೆ ಕಟಾವು ಪ್ರಯೋಗಗಳಲ್ಲಿ ಅವರು ಚಿಕ್ಕ ತಾಕುಗಳನ್ನು ಬಳಸಿದ್ದು ವಿವಾದಕ್ಕೆ ಎಡೆಮಾಡಿತು. ತಾಕು ಚಿಕ್ಕದಾದಷ್ಟೂ ಅಂಚಿನ ಗಿಡಗಳು ಒಳಗೆ ಸೇರಿ ಇಳುವರಿ ಹೆಚ್ಚಾಗಿ ಕಾಣುತ್ತದೆ ಎಂದು ಪಿ. ವಿ. ಸುಖಾತ್ಮೆ ಆಕ್ಷೇಪಿಸಿದರು. ಈ ಆಕ್ಷೇಪಕ್ಕೆ ಆಧಾರವಿತ್ತು. ದೇಶದ ಬೆಳೆ ಅಂದಾಜಿನಲ್ಲಿ ಮುಂದೆ ದೊಡ್ಡ ತಾಕುಗಳೇ ರೂಢಿಗೆ ಬಂದವು.

1943ರ ಬಂಗಾಳದ ಕ್ಷಾಮದ ಬಳಿಕ ಬದುಕುಳಿದ ಕುಟುಂಬಗಳ ಸ್ಥಿತಿಗತಿಯ ಮಾದರಿ ಸಮೀಕ್ಷೆಯನ್ನೂ ಅವರ ತಂಡ ನಡೆಸಿತು. ಜಮೀನು ಮಾರಿಕೊಂಡವರು ಮತ್ತು ನಿರ್ಗತಿಕರಾದವರ ಲೆಕ್ಕ ಅದರಲ್ಲಿದೆ.

ರಾಷ್ಟ್ರೀಯ ಮಾದರಿ ಸಮೀಕ್ಷೆ

1949ರಲ್ಲಿ ಅವರು ಕೇಂದ್ರ ಸಂಪುಟದ ಗೌರವ ಸಾಂಖ್ಯಿಕ ಸಲಹೆಗಾರರಾದರು. ಅದೇ ವರ್ಷ ರಾಷ್ಟ್ರೀಯ ಆದಾಯ ಸಮಿತಿಗೆ ಅಧ್ಯಕ್ಷರೂ ಆದರು, ಡಿ. ಆರ್. ಗಾಡ್ಗೀಳ್ ಮತ್ತು ವಿ. ಕೆ. ಆರ್. ವಿ. ರಾವ್ ಸದಸ್ಯರಾಗಿದ್ದರು. ರಾಷ್ಟ್ರೀಯ ಆದಾಯ ಲೆಕ್ಕ ಹಾಕಲು ಹೊರಟಾಗ ಹಳ್ಳಿಯ ಜನ ಏನು ಉಣ್ಣುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂಬುದರ ಮಾಹಿತಿಯೇ ಸಾಲದೆಂಬುದು ಸ್ಪಷ್ಟವಾಯಿತು. ಈ ಕೊರತೆ ನೀಗಿಸಲು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಮೊದಲ ಸುತ್ತು 1950ರ ಅಕ್ಟೋಬರ್‌ನಿಂದ 1951ರ ಮಾರ್ಚ್‌ವರೆಗೆ ಸುಮಾರು 1,800 ಹಳ್ಳಿಗಳಲ್ಲಿ ನಡೆಯಿತು. ಊರಿಗೊಂದು ಸೇರು, ಸೀಮೆಗೊಂದು ಅಳತೆ ಇದ್ದ ಕಾಲದಲ್ಲಿ ಇದು ಸಾಮಾನ್ಯ ಸಾಹಸವಲ್ಲ. 1951ರಲ್ಲಿ ಕೇಂದ್ರೀಯ ಸಾಂಖ್ಯಿಕ ಸಂಸ್ಥೆಯೂ ಸ್ಥಾಪನೆಯಾಯಿತು.

ಯೋಜನೆ ಮತ್ತು ಟೀಕೆ

ಎರಡನೆಯ ಪಂಚವಾರ್ಷಿಕ ಯೋಜನೆಯ (1956–61) ಕರಡು ಚೌಕಟ್ಟನ್ನು ಮಹಲನೋಬಿಸ್ 1955ರಲ್ಲಿ ಸಿದ್ಧಪಡಿಸಿದರು. ಯಂತ್ರಗಳನ್ನು ತಯಾರಿಸುವ ಭಾರೀ ಕೈಗಾರಿಕೆಗೆ ಆದ್ಯತೆ ನೀಡುವುದು ಅದರ ತಿರುಳು. ಅರ್ಥಶಾಸ್ತ್ರಜ್ಞ ಬಿ. ಆರ್. ಶೆಣೈ ಯೋಜನೆಯ ಗಾತ್ರ ಮತ್ತು ಕೊರತೆ ಹಣಕಾಸಿನ ಕುರಿತು ಭಿನ್ನಮತದ ಟಿಪ್ಪಣಿ ಬರೆದರು. ವಕೀಲ್ ಮತ್ತು ಬ್ರಹ್ಮಾನಂದ ಜೋಡಿಯು ಕೂಲಿಕಾರರು ಬಳಸುವ ಆಹಾರ, ಬಟ್ಟೆಯಂಥ ಸರಕುಗಳ ಕಡೆಗಣನೆಯನ್ನು ಎತ್ತಿ ತೋರಿಸಿತು. 1957ರ ವೇಳೆಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಎದುರಾದಾಗ ಈ ಎಚ್ಚರಿಕೆಗಳಿಗೆ ತೂಕ ಬಂದಿತು. ಅಳತೆಗಾರರಾಗಿ ಮಹಲನೋಬಿಸರಿಗೆ ದೊರೆತ ಮನ್ನಣೆ ಯೋಜಕರಾಗಿ ಅಷ್ಟು ಸರ್ವಸಮ್ಮತವಾಗಿ ದೊರೆತಿಲ್ಲ.

ಯೋಜನೆಯ ಫಲ ಯಾರಿಗೆ ಸೇರಿತು ಎಂಬ ಪ್ರಶ್ನೆಯನ್ನು ಪರಿಶೀಲಿಸಲು 1960ರಲ್ಲಿ ನೇಮಕವಾದ ಸಮಿತಿಗೂ ಅವರೇ ಅಧ್ಯಕ್ಷರು. ಯೋಜನೆಯ ಕಾಲದಲ್ಲಿಯೂ ಆರ್ಥಿಕ ಶಕ್ತಿ ಕೆಲವರಲ್ಲೇ ಕೇಂದ್ರೀಕೃತವಾಗಿದೆ ಎಂಬುದನ್ನು ಸಮಿತಿಯ ವರದಿ ಮರೆಮಾಚಲಿಲ್ಲ.

ಕೊನೆಯ ವರ್ಷಗಳು

1959ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಅವರ ಸಂಸ್ಥೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಮಾನ್ಯವಾಯಿತು. 1962ರಲ್ಲಿ ಎಸ್. ಆರ್. ರಂಗನಾಥನ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಅದರ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. 1970ರ ಸುಮಾರಿಗೆ ಮಾದರಿ ಸಮೀಕ್ಷೆಯ ಕೆಲಸವನ್ನು ಸಂಸ್ಥೆಯಿಂದ ಬೇರ್ಪಡಿಸಿ ಪೂರ್ಣವಾಗಿ ಸರಕಾರದ ಅಡಿಗೆ ತರಲಾಯಿತು. ಅಂಕಿ-ಅಂಶ ಸಂಗ್ರಹ ಸರಕಾರಿ ಇಲಾಖೆಯಲ್ಲಿರಬೇಕೆ, ಸ್ವಾಯತ್ತ ವಿದ್ವತ್ ಸಂಸ್ಥೆಯಲ್ಲಿರಬೇಕೆ ಎಂಬ ಪ್ರಶ್ನೆ ಅಂದಿನಿಂದ ಮತ್ತೆ ಮತ್ತೆ ಚರ್ಚೆಗೆ ಬಂದಿದೆ.

ಮಹಲನೋಬಿಸ್ 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 1968ರಲ್ಲಿ ಪದ್ಮವಿಭೂಷಣ ಪಡೆದರು. 79 ವರ್ಷ ತುಂಬಲು ಒಂದು ದಿನ ಉಳಿದಿರುವಾಗ ಕಲ್ಕತ್ತೆಯಲ್ಲಿ ನಿಧನರಾದರು. 2007ರಿಂದ ಜೂನ್ 29 ಭಾರತದಲ್ಲಿ ಸಾಂಖ್ಯಿಕ ದಿನವಾಗಿ ಆಚರಣೆಯಲ್ಲಿದೆ.