ಕಲ್ನಾರು ನೂತ ನೆಲ್ಲಿ ಕರ್ಶಾ

ನಮ್ಮ ಕಡೆ ಹಟ್ಟಿಗೂ ಸೌದೆ ಕೊಟ್ಟಿಗೆಗೂ ಹೊದಿಸುವ ಸಿಮೆಂಟು ಶೀಟುಗಳನ್ನು ಕಾಣದವರಿಲ್ಲ. ಅವುಗಳಿಗೆ ಗಟ್ಟಿತನ ಕೊಡಲು ಬೆರೆಸುತ್ತ ಬಂದ ವಸ್ತು ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಕಲ್ನಾರು ಎನ್ನುತ್ತಾರೆ. ನಾರಾಗಿ ಬಿಡಿಸಬಹುದಾದ ಈ ಕಲ್ಲು ಬೆಂಕಿಗೆ ಸುಡುವುದಿಲ್ಲ. ಆದರೆ ಅದರ ಧೂಳು ಕೊಲ್ಲಬಲ್ಲುದು ಎಂಬುದು ಲೋಕಕ್ಕೆ ತಿಳಿಯಲು ಇಂಗ್ಲೆಂಡಿನ ಒಬ್ಬ ಬಡ ನೂಲುವಾಕೆಯ ಸಾವು ಕಾರಣವಾಯಿತು. ಆಕೆಯೇ ನೆಲ್ಲಿ ಕರ್ಶಾ.

ನೆಲ್ಲಿ ಹುಟ್ಟಿದ್ದು 1891ರಲ್ಲಿ, ಲಂಕಾಶೈರಿನ ರಾಚ್‌ಡೇಲ್ ಪಟ್ಟಣದಲ್ಲಿ. ಅದು ಹತ್ತಿ ಗಿರಣಿಗಳ ಊರು. 1903ರಲ್ಲಿ, 12ರ ಹರೆಯದಲ್ಲೇ ಶಾಲೆ ಬಿಟ್ಟು ಗಿರಣಿ ಸೇರಿದಳು. ಕೆಲವೇ ತಿಂಗಳಲ್ಲಿ ಹತ್ತಿಯಿಂದ ಕಲ್ನಾರಿನ ಕೆಲಸಕ್ಕೆ ಬಂದಳು. 1917ರ ಕೊನೆಯ ದಿನ ಅದೇ ಊರಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ಎಳೆಗಳಿಂದ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಹತ್ತಿಯಂತೆಯೇ ಇಲ್ಲಿಯೂ ಧೂಳು ಏಳುತ್ತಿತ್ತು. ಆದರೆ ಇದು ಕಲ್ಲಿನ ಧೂಳು. ಒಳಗೆ ಹೋದ ಸೂಕ್ಷ್ಮ ಎಳೆಗಳು ಕರಗದೆ ಶ್ವಾಸಕೋಶದಲ್ಲೇ ನಾಟಿಕೊಂಡು, ಮೃದುವಾದ ಅಂಗವನ್ನು ಕ್ರಮೇಣ ಗಡುಸಾಗಿಸುತ್ತವೆ.

ಮೂವತ್ತು ತುಂಬುವ ಮೊದಲೇ ನೆಲ್ಲಿಗೆ ಕೆಮ್ಮೂ ಏದುಸಿರೂ ಅಂಟಿಕೊಂಡವು. ಆದರೂ ಕೆಲಸ ಬಿಡಲಿಲ್ಲ. 1922ರ ಜುಲೈಯಲ್ಲಿ ಆಕೆಗೆ ದುಡಿಯುವ ತ್ರಾಣವಿಲ್ಲವಾಯಿತು. ಪರೀಕ್ಷಿಸಿದ ಡಾ. ವಾಲ್ಟರ್ ಜಾಸ್ ಕಲ್ನಾರಿನ ವಿಷಬಾಧೆ ಎಂದು ಪ್ರಮಾಣಪತ್ರದಲ್ಲಿ ಬರೆದರು.

ಸತ್ಯವನ್ನು ಬರೆದ ಆ ಕಾಗದವೇ ಆಕೆಗೆ ತೊಡಕಾಯಿತು. ಆಕೆ ಸದಸ್ಯಳಾಗಿದ್ದ ಆರೋಗ್ಯ ವಿಮಾ ಸಂಘದವರು, ಇದು ದುಡಿಮೆಯಿಂದ ಬಂದ ಕಾಯಿಲೆ, ಆದ್ದರಿಂದ ಕಾರ್ಖಾನೆಯವರೇ ಕೊಡಬೇಕು ಎಂದರು. ಕಾರ್ಖಾನೆಯವರು, ಕಲ್ನಾರು ವಿಷವೇ ಅಲ್ಲ, ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿಯಲ್ಲಿ ಇಂಥ ರೋಗವೇ ಇಲ್ಲ ಎಂದರು. ಒಬ್ಬಳಿಗೆ ಕೊಟ್ಟರೆ ನಾಳೆ ನೂರು ಮಂದಿ ಬಂದಾರೆಂಬ ಅಂಜಿಕೆಯೂ ಅವರಿಗಿತ್ತು. ವಾರಗಟ್ಟಲೆ ಮನೆಯಲ್ಲೇ ಮಲಗಿದ್ದರೂ ಬಿಡಿಕಾಸು ಬರಲಿಲ್ಲವೆಂದು ನೆಲ್ಲಿ ಒಡೆಯರಿಗೆ ಕಾಗದ ಬರೆದಳು. ಫಲ ಸಿಗಲಿಲ್ಲ. 1924ರ ಮಾರ್ಚ್ 14ರಂದು, 33ರ ಹರೆಯದಲ್ಲಿ, ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು ತೀರಿಕೊಂಡಳು. ಶವಸಂಸ್ಕಾರದ ಖರ್ಚನ್ನೂ ಕಂಪೆನಿ ಕೊಡಲಿಲ್ಲ. ಗುರುತಿನ ಕಲ್ಲೂ ಇಲ್ಲದ ಬಡವರ ಗೋರಿಯಲ್ಲಿ ಆಕೆಯನ್ನು ಹುಗಿದರು.

ಸಾವಿನ ಬಗ್ಗೆ ನ್ಯಾಯವಿಚಾರಣೆ ನಡೆಯಿತು. ಕಂಪೆನಿಯ ಪರ ವಕೀಲರೂ ಹಾಜರಿದ್ದರು. ಶವಪರೀಕ್ಷೆ ಮಾಡಿದ ಡಾ. ವಿಲಿಯಂ ಕುಕ್, ಶ್ವಾಸಕೋಶದಲ್ಲಿ ಹಳೆಯ ಕ್ಷಯದ ಗುರುತುಗಳ ಜತೆಗೆ ಚೂಪು ಅಂಚಿನ ಖನಿಜ ಕಣಗಳನ್ನೂ ಕಂಡರು. ಅವನ್ನು ಕಲ್ನಾರಿನ ಧೂಳಿನೊಡನೆ ಹೋಲಿಸಿ ನೋಡಿ, ಸಾವಿಗೆ ಅವೇ ಕಾರಣವೆಂದು ತೀರ್ಮಾನಿಸಿದರು. ಅದೇ ವರ್ಷದ ಜುಲೈಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು. 1927ರಲ್ಲಿ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂಬ ಹೆಸರೂ ಬಂತು. ಹೆಸರು ಬಂದ ಮೇಲೆ ಸರಕಾರ ಎಚ್ಚತ್ತಿತು. 363 ಕಾರ್ಮಿಕರನ್ನು ಪರೀಕ್ಷಿಸಿದ ವರದಿ 1930ರಲ್ಲಿ ಹೊರಬಿತ್ತು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ರೋಗ ತಗಲಿತ್ತು. 1931ರಲ್ಲಿ ಧೂಳಿಗೆ ಕಡಿವಾಣ ಹಾಕುವ ನಿಯಮಗಳಾದವು. ಈ ರೋಗಕ್ಕೂ ಪರಿಹಾರ ಪಡೆಯುವ ದಾರಿ ತೆರೆಯಿತು.

ಕ್ಯಾನ್ಸರಿನ ಮಾತು ಹೊರಬಂದದ್ದು ಆಮೇಲೆ. ಅದೇ ರಾಚ್‌ಡೇಲಿನ ಕಾರ್ಖಾನೆಯಲ್ಲಿ 20 ವರ್ಷಕ್ಕೂ ಮಿಕ್ಕಿ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು 10 ಪಟ್ಟು ಹೆಚ್ಚೆಂದು ರಿಚರ್ಡ್ ಡಾಲ್ 1955ರಲ್ಲಿ ತೋರಿಸಿದರು. ಶ್ವಾಸಕೋಶದ ಹೊದಿಕೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟು 1960ರಲ್ಲಿ ದಕ್ಷಿಣ ಆಫ್ರಿಕದಿಂದ ಬೆಳಕಿಗೆ ಬಂತು. ಧೂಳು ಕುಡಿದ ಹಲವು ದಶಕಗಳ ಬಳಿಕ ಅದು ತಲೆಯೆತ್ತುತ್ತದೆ. ಬ್ರಿಟನ್ 1999ರಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿತು.

ನಮ್ಮ ಸುಪ್ರೀಂ ಕೋರ್ಟು 1995ರ ಜನವರಿ 27ರಂದು ಕೊಟ್ಟ ತೀರ್ಪಿನಲ್ಲಿ, ಕಲ್ನಾರು ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷ, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ ಕಾಪಾಡಬೇಕೆಂದು ವಿಧಿಸಿತು. ರೋಗ ದೃಢಪಟ್ಟವರಿಗೆ 1 ಲಕ್ಷ ರೂಪಾಯಿ ಪರಿಹಾರವನ್ನೂ ಗೊತ್ತುಮಾಡಿತು.

ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ಕಚೇರಿ ಕಚೇರಿ ಅಲೆದ ಕಾಸರಗೋಡಿನ ಮನೆಗಳಿಗೆ ನೆಲ್ಲಿಯ ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ದೂರದ ಊರುಗಳ ಕಾರ್ಖಾನೆ, ಹಡಗುಕಟ್ಟೆಗಳಲ್ಲಿ ದುಡಿದು ಬಂದ ಹಿರಿಯರು ಹಳೆಯ ಸಂಬಳ ಚೀಟಿ, ಇ.ಎಸ್.ಐ. ಕಾರ್ಡುಗಳನ್ನು ಎಸೆಯದಿರಲಿ. ವೈದ್ಯರ ಬಳಿ ಹೋದಾಗ ಎಲ್ಲಿ, ಯಾವ ಕೆಲಸ, ಎಷ್ಟು ವರ್ಷ ಮಾಡಿದ್ದೆವೆಂಬುದನ್ನು ಬಾಯಿಬಿಟ್ಟು ಹೇಳಲಿ. ನೆಲ್ಲಿಯ ಕೈಯಲ್ಲಿ ವೈದ್ಯರ ಕಾಗದವಿತ್ತು, ಅದನ್ನು ಒಪ್ಪುವ ಕಾನೂನಿರಲಿಲ್ಲ. ಇಂದು ಕಾನೂನಿದೆ, ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕಾದವರು ನಾವು.