ನಿಘಂಟನ್ನು ನಕಲು ಮಾಡಿದ ಕೈದಿ

ಇಂಗ್ಲಿಷ್ ಶಬ್ದಸಂಪತ್ತನ್ನು ಹೆಚ್ಚಿಸಿಕೊಡುವ ಭರವಸೆ ನೀಡುವ ಪುಸ್ತಕಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ದಿನಕ್ಕೆ ಹತ್ತು ಕಠಿಣ ಪದ, ಎದುರಿಗೆ ಅರ್ಥ, ಕೆಳಗೊಂದು ವಾಕ್ಯ. ಸಂದರ್ಶನವೋ ಪ್ರವೇಶ ಪರೀಕ್ಷೆಯೋ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲು ಬಂದ ದಾರಿಯಲ್ಲೇ ಹಿಂದಿರುಗುತ್ತವೆ. ಯಾವ ಪರೀಕ್ಷೆಯೂ ಎದುರಿಗಿಲ್ಲದೆ, ಸೆರೆಮನೆಯ ಕೋಣೆಯಲ್ಲಿ ಕುಳಿತು ಇಂಗ್ಲಿಷ್ ನಿಘಂಟನ್ನು ಮೊದಲ ಪುಟದಿಂದ ನಕಲು ಮಾಡುತ್ತ ಹೋದವನೊಬ್ಬನಿದ್ದ. ಜಗತ್ತು ಅವನನ್ನು ಮಾಲ್ಕಂ ಎಕ್ಸ್ ಎಂಬ ಹೆಸರಿನಿಂದ ಬಲ್ಲದು.

ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ 1925ರ ಮೇ 19ರಂದು ಹುಟ್ಟಿದಾಗ ಆತನ ಹೆಸರು ಮಾಲ್ಕಂ ಲಿಟ್ಲ್. ತಂದೆ ಕ್ರೈಸ್ತ ಬೋಧಕ, ಕಪ್ಪು ಜನರ ಸ್ವಾಭಿಮಾನವನ್ನು ಸಾರಿದ ಮಾರ್ಕಸ್ ಗಾರ್ವಿಯ ಅನುಯಾಯಿ. 1931ರಲ್ಲಿ ಆತ ಟ್ರಾಮ್ ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತಾಗ, ಅದು ಬಿಳಿಯ ಜನಾಂಗದ್ವೇಷಿಗಳ ಕೃತ್ಯವೆಂಬ ಶಂಕೆ ಕುಟುಂಬವನ್ನು ಬಿಡದೆ ಕಾಡಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಮಕ್ಕಳನ್ನು ಸಾಕಿ ಬಳಲಿದ ತಾಯಿ 1939ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದಳು. ಮಕ್ಕಳು ದಿಕ್ಕಾಪಾಲಾದರು.

ಮಾಲ್ಕಂ ದಡ್ಡ ಹುಡುಗನಾಗಿರಲಿಲ್ಲ. ಮಿಷಿಗನ್‌ನ ಮೇಸನ್ ಊರಿನ, ಬಿಳಿಯ ಮಕ್ಕಳೇ ತುಂಬಿದ್ದ ಶಾಲೆಯಲ್ಲಿ ಆತ ತರಗತಿಯ ನಾಯಕನಾಗಿ ಆಯ್ಕೆಯಾಗಿದ್ದ. ವಕೀಲನಾಗಬೇಕೆಂಬ ಆಸೆಯನ್ನು ಇಂಗ್ಲಿಷ್ ಅಧ್ಯಾಪಕರಲ್ಲಿ ಹೇಳಿಕೊಂಡಾಗ, ಕಪ್ಪು ಹುಡುಗನಿಗೆ ಅದು ಒಗ್ಗದ ಕನಸು, ಬಡಗಿಯಾಗುವುದು ಲೇಸು ಎಂಬ ಉಪದೇಶ ದೊರೆಯಿತು. ಎಂಟನೆಯ ತರಗತಿಗೆ ಓದು ನಿಂತಿತು. ಮುಂದೆ ಬಾಸ್ಟನ್, ಹಾರ್ಲೆಮ್. ಜೂಜು, ಮಾದಕವಸ್ತುಗಳ ಮಾರಾಟ, ಕನ್ನಗಳ್ಳತನ. 1946ರ ಫೆಬ್ರವರಿಯಲ್ಲಿ ಎಂಟರಿಂದ ಹತ್ತು ವರ್ಷಗಳ ಶಿಕ್ಷೆಯಾದಾಗ ಆತನಿಗೆ ಇಪ್ಪತ್ತೊಂದೂ ತುಂಬಿರಲಿಲ್ಲ.

ಬೀದಿಯಲ್ಲಿ ಆತನಷ್ಟು ಚುರುಕಾಗಿ ಮಾತನಾಡುವವರು ವಿರಳ. ಆದರೆ ಆ ಚುರುಕು ಬೀದಿಯ ಭಾಷೆಗೆ ಸೇರಿದ್ದು. ಚಾರ್ಲ್ಸ್‌ಟೌನ್ ಸೆರೆಮನೆಯಲ್ಲಿ ಹಿರಿಯ ಕೈದಿಯೊಬ್ಬ ಬಾಯಿ ತೆರೆದರೆ ಕಾವಲುಗಾರರೂ ನಿಂತು ಆಲಿಸುತ್ತಿದ್ದರು. ಮುಷ್ಟಿಯಿಂದಲ್ಲ, ಶಬ್ದಗಳಿಂದಲೇ ಗೌರವ ಸಂಪಾದಿಸಿದ ಮನುಷ್ಯನನ್ನು ಮಾಲ್ಕಂ ಕಂಡದ್ದು ಅದೇ ಮೊದಲು. ಆತನನ್ನು ಅನುಕರಿಸಹೊರಟರೆ ಪುಸ್ತಕದ ಪ್ರತಿಯೊಂದು ವಾಕ್ಯದಲ್ಲೂ ಅರ್ಥವಾಗದ ಪದಗಳು ಅಡ್ಡಬಂದವು. ಈ ನಡುವೆ ಒಡಹುಟ್ಟಿದವರ ಮೂಲಕ ನೇಷನ್ ಆಫ್ ಇಸ್ಲಾಂ ಸಂಘಟನೆಯ ಪರಿಚಯವಾಯಿತು. ಅದರ ಮುಖಂಡ ಎಲಿಜಾ ಮುಹಮ್ಮದ್‌ಗೆ ಪತ್ರ ಬರೆಯಲು ಕುಳಿತರೆ, ಮನಸ್ಸಿನಲ್ಲಿದ್ದುದು ಕಾಗದಕ್ಕೆ ಇಳಿಯಲೊಲ್ಲದು. ಅಕ್ಷರಗಳು ಸಾಲು ಬಿಟ್ಟು ಓಡುತ್ತಿದ್ದವು.

1948ರಲ್ಲಿ ಮಾಲ್ಕಂನನ್ನು ನಾರ್ಫೋಕ್‌ನ ಸೆರೆಮನೆಗೆ ವರ್ಗಾಯಿಸಲಾಯಿತು. ಅಲ್ಲಿನ ಶಾಲೆಯಿಂದ ಒಂದು ನಿಘಂಟು, ಬರೆಯುವ ಪುಸ್ತಕ, ಪೆನ್ಸಿಲುಗಳನ್ನು ಕೇಳಿ ಪಡೆದ. ಎರಡು ದಿನ ಪುಟಗಳನ್ನು ಸುಮ್ಮನೆ ತಿರುವಿಹಾಕಿದ. ಇಷ್ಟೊಂದು ಪದಗಳಲ್ಲಿ ಯಾವುದನ್ನು ಕಲಿಯುವುದು, ಯಾವುದನ್ನು ಬಿಡುವುದು? ತೋಚದೆ ಮೊದಲ ಪುಟವನ್ನು ವಿರಾಮಚಿಹ್ನೆಗಳೂ ಸೇರಿದಂತೆ ಯಥಾವತ್ತಾಗಿ ನಕಲು ಮಾಡಿದ. ಇಡೀ ದಿನ ಹಿಡಿಯಿತು. ಬರೆದುದನ್ನು ತನಗೆ ತಾನೇ ಗಟ್ಟಿಯಾಗಿ ಮತ್ತೆ ಮತ್ತೆ ಓದಿಕೊಂಡ. ಮರುದಿನ ಎದ್ದಾಗಲೂ ಅವೇ ಪದಗಳು ತಲೆಯಲ್ಲಿ ಸುಳಿಯುತ್ತಿದ್ದವು. ಆ ಮೊದಲ ಪುಟದ ಆರ್ಡ್‌ವಾರ್ಕ್ ಎಂಬ, ಗೆದ್ದಲು ತಿಂದು ಬದುಕುವ ನೀಳಕಿವಿಯ ಆಫ್ರಿಕದ ಪ್ರಾಣಿ ಆತನ ನೆನಪಿನಿಂದ ಮುಂದೆಂದೂ ಮಾಸಲಿಲ್ಲ. ಎರಡನೆಯ ಪುಟ, ಮೂರನೆಯ ಪುಟ, ಹೀಗೆ ಕೊನೆಗೆ ನಿಘಂಟನ್ನೇ ಬರೆದು ಮುಗಿಸಿದನೆಂದು ಆತ್ಮಕಥೆ ಹೇಳುತ್ತದೆ. ಕಥನದ ಓಟದಲ್ಲಿ ತುಸು ಉತ್ಪ್ರೇಕ್ಷೆ ಸೇರಿರಬಹುದು. ಶಾಲೆಯಲ್ಲಿ ಮುಂದಿದ್ದ ಹುಡುಗ ಅಕ್ಷರಗಳನ್ನು ಅಷ್ಟೊಂದು ಮರೆತಿರಲಾರ. ಆದರೆ ಬರೆದ ಬರವಣಿಗೆಯ ಫಲವನ್ನು ಅನುಮಾನಿಸುವಂತಿಲ್ಲ. ಆಯ್ದ ಪದಗಳ ಪಟ್ಟಿ ಕೊಡಲಾರದ್ದನ್ನು ಇಡೀ ನಿಘಂಟು ಕೊಟ್ಟಿತು. ಪದಗಳ ಜೊತೆಗೆ ಊರುಗಳು, ವ್ಯಕ್ತಿಗಳು, ಚರಿತ್ರೆಯ ಘಟನೆಗಳೂ ಒಳಬಂದವು.

ಪದ ತಿಳಿದ ಮೇಲೆ ಪುಸ್ತಕ ತೆರೆದುಕೊಂಡಿತು. ಪಾರ್ಕ್‌ಹರ್ಸ್ಟ್ ಎಂಬ ಶ್ರೀಮಂತನ ಗ್ರಂಥಸಂಗ್ರಹ ಆ ಸೆರೆಮನೆಗೆ ದಾನವಾಗಿ ಬಂದಿತ್ತು. ವಿಲ್ ಡ್ಯುರಾಂಟ್, ಎಚ್.ಜಿ. ವೆಲ್ಸ್, ಡು ಬಾಯ್ಸ್, ಗುಲಾಮಗಿರಿಯ ಚರಿತ್ರೆ; ಬ್ರಿಟಿಷರ ವಿರುದ್ಧ ಗಾಂಧೀಜಿ ನಡೆಸಿದ ಹೋರಾಟದ ವೃತ್ತಾಂತವೂ ಆ ಓದಿನಲ್ಲಿ ಸೇರಿತ್ತು. ರಾತ್ರಿ ಹತ್ತಕ್ಕೆ ದೀಪ ಆರುತ್ತಿತ್ತು. ಹೊರಗಿನ ಓಣಿಯ ಮಂದ ಬೆಳಕು ಬೀಳುವಲ್ಲಿ ನೆಲದ ಮೇಲೆ ಕುಳಿತು ಓದು ಮುಂದುವರಿಯುತ್ತಿತ್ತು. ಗಂಟೆಗೊಮ್ಮೆ ಕಾವಲುಗಾರನ ಹೆಜ್ಜೆಸಪ್ಪಳ ಕೇಳಿದೊಡನೆ ಹಾಸಿಗೆಗೆ ಹಾರಿ ನಿದ್ದೆಯ ನಟನೆ. ಆತ ದಾಟಿದ ಮೇಲೆ ಮತ್ತೆ ಪುಸ್ತಕ. ಹೀಗೆ ನಸುಕಿನ ಮೂರು ನಾಲ್ಕರವರೆಗೆ. ಕಣ್ಣು ಕೆಟ್ಟು ಕನ್ನಡಕ ಬಂತು. 1952ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಆತ ಮೊದಲು ಕೊಂಡ ವಸ್ತುಗಳು ಮೂರು: ಒಳ್ಳೆಯ ಕನ್ನಡಕ, ಪ್ರಯಾಣದ ಪೆಟ್ಟಿಗೆ, ಕೈಗಡಿಯಾರ.

ಮುಂದಿನ ಹನ್ನೆರಡು ವರ್ಷಗಳ ಸಾರ್ವಜನಿಕ ಜೀವನ ಒಂದು ಬಗೆಯಲ್ಲಿ ಪದಗಳೊಂದಿಗಿನ ಜಗಳವೇ ಆಗಿತ್ತು. ಗುಲಾಮರ ಒಡೆಯ ಅಂಟಿಸಿದ್ದ ಲಿಟ್ಲ್ ಎಂಬ ಹೆಸರನ್ನು ಕಿತ್ತೊಗೆದು, ಕಳೆದುಹೋದ ಆಫ್ರಿಕನ್ ಹೆಸರಿನ ಗುರುತಾಗಿ ಎಕ್ಸ್ ಅಕ್ಷರವನ್ನು ಇಟ್ಟುಕೊಂಡ. ನೀಗ್ರೋ ಎಂಬ ಪದವನ್ನು ಒಪ್ಪದೆ, ಕಪ್ಪು ಎಂಬುದನ್ನು ಹೆಮ್ಮೆಯಿಂದ ಹೇಳಬೇಕೆಂದು ವಾದಿಸಿದ. ಬಿಳಿಯರೆಲ್ಲರನ್ನೂ ಒಂದೇ ಬೈಗುಳದಲ್ಲಿ ಕಟ್ಟಿಹಾಕಿದ್ದೂ ಇದೇ ಅವಧಿಯಲ್ಲಿ. ಆ ಮಾತುಗಳನ್ನು ಇಂದು ಸಮರ್ಥಿಸುವುದು ಕಷ್ಟ. 1964ರಲ್ಲಿ ನೇಷನ್ ಆಫ್ ಇಸ್ಲಾಂ ತೊರೆದು ಮೆಕ್ಕಾ ಯಾತ್ರೆ ಮುಗಿಸಿ ಬಂದ ಮೇಲೆ ಸ್ವತಃ ಆತನೇ ಆ ನಿಲುವಿನಿಂದ ಹಿಂದೆ ಸರಿದ.

ನಿಘಂಟನ್ನೇ ಬರೆದವನ ಭಾಷಣಗಳಲ್ಲಿ ಕಠಿಣ ಪದಗಳು ಅಪರೂಪ ಎಂಬುದು ಗಮನಾರ್ಹ. 1964ರ ಏಪ್ರಿಲ್‌ನಲ್ಲಿ ಕ್ಲೀವ್‌ಲೆಂಡ್‌ನಲ್ಲಿ ಮಾಡಿದ ಪ್ರಸಿದ್ಧ ಭಾಷಣ ಬ್ಯಾಲಟ್, ಬುಲೆಟ್ ಎಂಬ ಎರಡು ಸಾದಾ ಪದಗಳ ಮೇಲೆ ನಿಂತಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ, ಸ್ವಾತಂತ್ರ್ಯದ ರಕ್ಷಣೆಗಾಗಿ ಉಗ್ರವಾದ ತಪ್ಪಲ್ಲವೆಂಬ ನಿರ್ಣಯದ ಪರವಾಗಿ ಮಾತನಾಡಿದ. ಕಾಂಗೋದ ಹಳ್ಳಿಗಳ ಮೇಲೆ ಬಾಂಬು ಸುರಿಸುವುದಕ್ಕೆ ಪತ್ರಿಕೆಗಳು ಮಾನವೀಯತೆಯ ಮುಸುಕು ತೊಡಿಸುವ ಬಗೆಯನ್ನು ಬಿಡಿಸಿಟ್ಟ. ಕೊನೆಗೆ ಹ್ಯಾಮ್ಲೆಟ್‌ನ ದ್ವಂದ್ವವನ್ನೂ ತನ್ನ ವಾದಕ್ಕೆ ಒಗ್ಗಿಸಿಕೊಂಡ. ನಿರ್ಣಯಕ್ಕೆ ಸೋಲಾಯಿತು. ಆದರೆ ಎಂಟನೆಯ ತರಗತಿಯವನ ಇಂಗ್ಲಿಷನ್ನು ಆ ಸಭೆ ತದೇಕಚಿತ್ತದಿಂದ ಆಲಿಸಿತು.

ಹನ್ನೊಂದು ವಾರಗಳ ನಂತರ, 1965ರ ಫೆಬ್ರವರಿ 21ರಂದು, ನ್ಯೂಯಾರ್ಕಿನ ಸಭಾಂಗಣವೊಂದರಲ್ಲಿ ಭಾಷಣಕ್ಕೆ ನಿಂತ ಮಾಲ್ಕಂನನ್ನು ಗುಂಡಿಟ್ಟು ಕೊಲ್ಲಲಾಯಿತು. ಆತನಿಗೆ ಆಗ 39 ವರ್ಷ. ಅಲೆಕ್ಸ್ ಹೇಲಿಯೊಂದಿಗೆ ಸೇರಿ ಸಿದ್ಧಪಡಿಸಿದ ಆತ್ಮಕಥೆಯನ್ನು ಪ್ರಕಟಿಸಲು ಒಪ್ಪಿದ್ದ ದೊಡ್ಡ ಪ್ರಕಾಶನ ಸಂಸ್ಥೆ ಹತ್ಯೆಯ ಬೆನ್ನಲ್ಲೇ ಹಿಂದೆಗೆಯಿತು. ಅದೇ ವರ್ಷ ಗ್ರೋವ್ ಪ್ರೆಸ್ ಅದನ್ನು ಹೊರತಂದಿತು. ನಿಘಂಟು ನಕಲು ಮಾಡಿದ ಭಾಗ ಅನಂತರ ಅಮೆರಿಕದ ಕಾಲೇಜುಗಳ ಇಂಗ್ಲಿಷ್ ಪಠ್ಯಗಳಲ್ಲಿ ಸೇರಿಕೊಂಡಿತು.